ಒಂದೇ ಮೊಟ್ಟೆಚೀಲದ ಮರಿಗಳಿಂದ ಪ್ರಭೇದ ಗುರುತಿಸಿದ ನನ್ನ ಅನುಭವ

ಪಾಂಡವಪುರ ತಾಲ್ಲೂಕಿನಲ್ಲಿರುವ ನಮ್ಮ ಅಣ್ಣನ ಭತ್ತದ ಗದ್ದೆಯಿಂದ ಮೊಟ್ಟೆಚೀಲದ ಸಮೇತ ಹಿಡಿದು ತಂದ ಒಂದು ತೋಳಜೇಡದ ಮರಿಗಳಲ್ಲಿ ಹನ್ನೊಂದು ಮರಿಗಳು, ಕಳೆದ ವರ್ಷ ಮಂಡ್ಯದ ನನ್ನ ಮನೆಯ ಮಹಡಿ ಕೋಣೆಯಲ್ಲಿ ಕೊನೆಯ ಪೊರೆ ಕಳಚಿ ಪ್ರಾಯಕ್ಕೆ ಬಂದವು. ಅವುಗಳಲ್ಲಿ ಏಳು ಹೆಣ್ಣು, ನಾಲ್ಕು ಗಂಡು. ಆ ನಾಲ್ಕು ಗಂಡುಗಳ ಪಾಲ್ಪುಗಳನ್ನು, ಅಂದರೆ ಬಾಯಿಯ ಪಕ್ಕದಲ್ಲಿರುವ, ಹೆಣ್ಣಿಗೆ ವೀರ್ಯ ಸೇರಿಸುವ ಕಿರುಕಾಲುಗಳನ್ನು, ಸೂಕ್ಷ್ಮದರ್ಶಕದಡಿ ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದ ಸಂಜೆ, ಆರು ವರ್ಷಗಳಿಂದ ಬೇರೆ ಬೇರೆ ಪ್ರಭೇದಗಳೆಂದು ನಂಬಿ ನಾನು ಎರಡು ಸೀಸೆಗಳಲ್ಲಿ ತುಂಬಿಟ್ಟಿದ್ದ ಗಂಡುಗಳಲ್ಲಿ ಬಹುಪಾಲು ಒಂದೇ ಪ್ರಭೇದದವು ಎಂಬುದು ಖಚಿತವಾಯಿತು. ಈ ಕೆಲಸ ಮನೆಯಲ್ಲಿ ಆಗುವಂಥದ್ದಲ್ಲ ಎಂದು ಹೇಳಿದವರು ಹಲವರಿದ್ದರು. ಆಗುತ್ತದೆ ಎಂದು ಈಗ ನಾನು ಹೇಳಬಲ್ಲೆನಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಜೇಡಗಳನ್ನು ಕುಟುಂಬದವರೆಗೆ ವಿಂಗಡಿಸುವುದು ನಮ್ಮಂಥ ಹವ್ಯಾಸಿಗಳಲ್ಲಿ ಯಾರಿಗೂ ಕಷ್ಟವಲ್ಲ. ಮುಂದೆ ಒಂದು ಸಾಲಿನಲ್ಲಿ ನಾಲ್ಕು ಸಣ್ಣ ಕಣ್ಣು, ಅದರ ಮೇಲೆ ಎರಡು ದೊಡ್ಡ ಕಣ್ಣು, ಇನ್ನೂ ಹಿಂದೆ ಎರಡು ಕಂಡರೆ ತೋಳಜೇಡಗಳ ಕುಟುಂಬವಾದ ಲೈಕೋಸಿಡೇ; ಕಣ್ಣುಗಳು ಆರು ಮೂಲೆಯ ಆಕಾರದಲ್ಲಿದ್ದು ಕಾಲಿನ ಮುಳ್ಳುಗಳು ನೆಟ್ಟಗೆ ನಿಂತಿದ್ದರೆ ಆಕ್ಸಿಯೋಪಿಡೇ; ಭತ್ತದ ಗರಿಗೆ ಮೈ ಚಾಚಿ ಅಂಟಿಕೊಂಡಿರುವ, ಉದ್ದ ದವಡೆಯ ಜೇಡವಾದರೆ ಟೆಟ್ರಾಗ್ನಾಥಿಡೇ. ಇಷ್ಟಕ್ಕೆ ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ ಸಾಕು. ಕುಲದ ಮಟ್ಟಕ್ಕೆ ಇಳಿದಾಗ ಕಾಲಿನ ಮುಳ್ಳುಗಳ ಎಣಿಕೆ, ದವಡೆಯ ಹಲ್ಲುಗಳ ಎಣಿಕೆ ಬೇಕಾಗುತ್ತದೆ. ತಾಳ್ಮೆ ಇದ್ದವರು ಅದನ್ನೂ ದಾಟುತ್ತಾರೆ. ಪ್ರಭೇದದ ಬಾಗಿಲಿನಲ್ಲಿ ಮಾತ್ರ ನಮ್ಮಂಥವರೆಲ್ಲ ನಿಂತುಬಿಡುತ್ತೇವೆ, ಏಕೆಂದರೆ ಅಲ್ಲಿ ಹೆಣ್ಣಿನ ಎಪಿಜೈನ್ (ಹೊಟ್ಟೆಯ ಕೆಳಗಿರುವ ಜನನಾಂಗದ ಫಲಕ) ಮತ್ತು ಗಂಡಿನ ಪಾಲ್ಪ್ ಬಿಟ್ಟರೆ ಬೇರೆ ಯಾವ ಸಾಕ್ಷಿಯೂ ನಿಲ್ಲುವುದಿಲ್ಲ, ಮತ್ತು ಇವೆರಡೂ ಕೊನೆಯ ಪೊರೆ ಕಳಚಿದ ಮೇಲಷ್ಟೇ ಪೂರ್ಣವಾಗಿ ಮೂಡುತ್ತವೆ. ನನ್ನ ಗದ್ದೆಯ ಬಲೆಗೆ ಬೀಳುವ ನೂರು ಜೇಡಗಳಲ್ಲಿ ಎಪ್ಪತ್ತಾದರೂ ಮರಿಗಳೇ ಆಗಿರುತ್ತವೆ. ಉಳಿದ ಮೂವತ್ತರಲ್ಲಿ ಗಂಡುಗಳು ಒಂದು ಕಡೆ, ಹೆಣ್ಣುಗಳು ಇನ್ನೊಂದು ಕಡೆ. ಯಾವ ಗಂಡು ಯಾವ ಹೆಣ್ಣಿನದು ಎಂದು ಹೇಳುವವರಿಲ್ಲ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಸ್ತುಸಂಗ್ರಹಾಲಯ ನಿರ್ವಹಿಸುವ ಜಾಗತಿಕ ಜೇಡ ಪಟ್ಟಿ 2022ರಲ್ಲಿ 50,000 ಪ್ರಭೇದಗಳನ್ನು ದಾಟಿತು. ಅದರಲ್ಲಿ ಗಂಡು ಮಾತ್ರ ಅಥವಾ ಹೆಣ್ಣು ಮಾತ್ರ ಗೊತ್ತಿರುವ ಪ್ರಭೇದಗಳು ಬಹಳಷ್ಟಿವೆ. ಹೀಗಿರುವಾಗ ಮಂಡ್ಯದ ಗದ್ದೆಯ ಜೇಡಕ್ಕೆ ಜೋಡಿ ಹುಡುಕುವುದು ಸುಲಭವಾಗಲು ಹೇಗೆ ಸಾಧ್ಯ?

ಜೋಡಿ ತಪ್ಪುವುದು ಎಷ್ಟು ಸುಲಭ ಎಂಬುದಕ್ಕೆ ಗದ್ದೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಗೋಡೆಗಳ ಮೇಲೆ ಓಡಾಡುವ ಜಿಗಿಜೇಡ ಪ್ಲೆಕ್ಸಿಪಸ್ ಪೇಕುಲ್ಲಿಯಲ್ಲಿ ಗಂಡಿಗೆ ಎದ್ದು ಕಾಣುವ ಕಪ್ಪು ಬಿಳುಪು ಪಟ್ಟಿಗಳು, ಹೆಣ್ಣು ಮಾಸಲು ಕಂದು. ಮೊದಲ ಎರಡು ವರ್ಷ ನಾನು ಇವೆರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಬರೆದಿಟ್ಟಿದ್ದೆ. ಟೆಲಮೋನಿಯಾ ಡಿಮಿಡಿಯಾಟಾದಲ್ಲಿಯೂ ಹಾಗೆಯೇ: ಹೆಣ್ಣು ತಿಳಿಹಳದಿ ಮೈಯ ಮೇಲೆ ಎರಡು ಕೆಂಪು ಗೆರೆ ಹೊತ್ತಿರುತ್ತದೆ, ಗಂಡು ಕಡುಕಂದು ಬಣ್ಣದ್ದು. ಬಣ್ಣ ನಂಬಿ ಹೆಸರಿಟ್ಟವರು ಅಲ್ಲಿಗೇ ಮೋಸಹೋಗುತ್ತಾರೆ.

ಒಂದೇ ತಾಯಿಯ ಮಕ್ಕಳನ್ನು ಪ್ರಾಯಕ್ಕೆ ಬರುವವರೆಗೆ ಸಾಕಿದರೆ ಜೋಡಿಯ ಪ್ರಶ್ನೆಯೇ ಉಳಿಯುವುದಿಲ್ಲ ಎಂಬ ಯೋಚನೆ ಹೊಸದೇನಲ್ಲ. ಇದನ್ನು ಮೈಸೂರಿನ ಹಿರಿಯ ಸಂಶೋಧಕರೊಬ್ಬರ ಬಳಿ ಹೇಳಿದಾಗ ಅವರು, “ಮೇಷ್ಟ್ರೇ, ತೋಳಜೇಡದ ಮರಿ ಮೂರನೆಯ ಪೊರೆ ದಾಟುವುದಿಲ್ಲ. ನಮ್ಮ ಲ್ಯಾಬಿನಲ್ಲೇ ದಾಟಲಿಲ್ಲ, ನಿಮ್ಮ ಮನೆಯಲ್ಲಿ ದಾಟುತ್ತದೆಯೇ?” ಎಂದರು. ಅವರು ನನ್ನನ್ನು ಹೀಗಳೆಯಲು ಹಾಗೆ ಹೇಳಿರಲಿಲ್ಲ; ತಮಗೆ ಆದ ಅನುಭವವನ್ನೇ ಹೇಳಿದ್ದರು. ಮೊದಲ ಮೂರು ಪ್ರಯತ್ನಗಳಲ್ಲಿ ಅವರ ಮಾತು ಅಕ್ಷರಶಃ ನಿಜವಾಯಿತು.

ಮೊದಲ ಸಲ ತಾಯಿಯ ಬೆನ್ನಿನಿಂದ ಇಳಿದ ಎಪ್ಪತ್ತರಷ್ಟು ಮರಿಗಳನ್ನು ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಟ್ಟೆ. ಹತ್ತು ದಿನಗಳಲ್ಲಿ ಒಂದನ್ನೊಂದು ತಿಂದು ಆರೋ ಏಳೋ ಉಳಿದವು, ಅವೂ ನಂತರ ಸತ್ತವು. ಎರಡನೆಯ ಸಲ ಮರಿಗೊಂದು ಸೀಸೆಯಂತೆ ಬೇರೆ ಮಾಡಿದೆ. ಆದರೆ ತೇವಕ್ಕೆಂದು ಇಟ್ಟ ಹತ್ತಿಗೆ ಬೂಷ್ಟು ಹಿಡಿದು, ಪೊರೆ ಕಳಚುವ ಹೊತ್ತಿನಲ್ಲಿ ಮರಿಗಳು ಅದರಲ್ಲೇ ಸಿಕ್ಕಿಕೊಂಡವು. ಹತ್ತಿ ತೆಗೆದಾಗ ಏಪ್ರಿಲ್ ತಿಂಗಳ ಒಣಗಾಳಿಗೆ ಎರಡೇ ದಿನದಲ್ಲಿ ಉಳಿದವೂ ಒಣಗಿಹೋದವು. ಮೂರನೆಯ ಸಲ ಸೀಸೆಯ ತಳಕ್ಕೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹುಯ್ದು, ಅದಕ್ಕೆ ದಿನಬಿಟ್ಟು ದಿನ ಸಿರಿಂಜಿನಿಂದ ಎರಡು ಹನಿ ನೀರು ಹಾಕುವ ಕ್ರಮ ಹಿಡಿದೆ. ತೇವದ ತೊಂದರೆ ಅಲ್ಲಿಗೆ ತೀರಿತು. ಆದರೂ ಮರಿಗಳು ಮೂರನೆಯ ಪೊರೆಯ ಹೊತ್ತಿಗೆ ಮಂಕಾಗಿ, ಕಾಲು ಮಡಿಚಿಕೊಂಡು ಸಾಯುತ್ತಿದ್ದವು.

ದೋಷ ಊಟದಲ್ಲಿತ್ತು. ನಾನು ಕೊಡುತ್ತಿದ್ದುದು ಬಾಳೆಹಣ್ಣು ಮತ್ತು ಬೆಲ್ಲದ ಮೇಲೆ ಬೆಳೆಸಿದ ಹಣ್ಣುನೊಣ. ಬರೀ ಹಣ್ಣಿನ ಮೇಲೆ ಬೆಳೆದ ನೊಣ ಕಾಣಲು ಮಾತ್ರ ಊಟ. ಅದರಲ್ಲಿ ತೋಳಜೇಡದ ಮರಿಗೆ ಬೇಕಾದ ಸತ್ವ ಸಾಲದು. ನೊಣಕ್ಕೆ ತಿನ್ನಿಸಿದ್ದೇ ಜೇಡಕ್ಕೆ ಸೇರುತ್ತದೆ ಎಂದು ತಿಳಿದ ಮೇಲೆ ನೊಣ ಬೆಳೆಸುವ ಹಿಟ್ಟಿಗೆ ಯೀಸ್ಟಿನ ಜೊತೆ ನಾಯಿಗೆ ಹಾಕುವ ಒಣ ಆಹಾರದ ಪುಡಿಯನ್ನೂ, ಇನ್ನೊಂದು ಪದಾರ್ಥವನ್ನೂ ಬೆರೆಸಿದೆ. ಆ ಇನ್ನೊಂದು ಪದಾರ್ಥ ಯಾವುದು, ಎಷ್ಟು ಎಂಬುದನ್ನು ಇನ್ನೆರಡು ಮೊಟ್ಟೆಚೀಲಗಳಲ್ಲಿ ಪರೀಕ್ಷಿಸುವವರೆಗೆ ಬರೆಯುವುದಿಲ್ಲ. ತಾಯಿಯ ಬೆನ್ನಿನಿಂದ ಮರಿಗಳನ್ನು ಒಂದಕ್ಕೂ ಪೆಟ್ಟಾಗದಂತೆ ಬೇರ್ಪಡಿಸುವ ಕೈಚಳಕವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದು ಬರೆದರೆ ಬರುವಂಥದ್ದಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ನಾಲ್ಕನೆಯ ಸಲ ಆಗಸ್ಟಿನಲ್ಲಿ, ನಾಲೆಗೆ ನೀರು ಬಿಟ್ಟು ನಾಟಿ ಮುಗಿದ ಮೇಲೆ, ಬದುವಿನ ಅಂಚಿನಲ್ಲಿ ಓಡುತ್ತಿದ್ದ ಹೆಣ್ಣೊಂದನ್ನು ಹಿಡಿದೆ. ಶಿರೋವಕ್ಷದ ಮೇಲೆ ಕವಲೊಡೆದ ತಿಳಿಬಣ್ಣದ ಗುರುತು ಇತ್ತು, ಹಿಂಬದಿಗೆ ಮೊಟ್ಟೆಚೀಲ ಅಂಟಿತ್ತು. ಭತ್ತದ ಕಂದು ಜಿಗಿಹುಳುವನ್ನು ದಿನಕ್ಕೆ ಐದರಿಂದ ಹದಿನೈದರವರೆಗೆ ತಿನ್ನಬಲ್ಲ ಜೇಡವೆಂದು ಭತ್ತದ ಸಂಶೋಧಕರಿಗೆಲ್ಲ ಪರಿಚಿತವಾದ ಪಾರ್ಡೋಸಾ ಸ್ಯೂಡೋಆನ್ಯುಲೇಟಾ ಇದೇ ಇರಬೇಕು ಎಂದು ಅನ್ನಿಸಿತಾದರೂ ಅನಿಸಿಕೆಯ ಮೇಲೆ ಚೀಟಿ ಬರೆಯಲಿಲ್ಲ. ಅರುವತ್ತಕ್ಕಿಂತ ಕೊಂಚ ಹೆಚ್ಚು ಮರಿಗಳು ಬಂದವು. ಮೂರನೆಯ ಪೊರೆಯನ್ನು ನಲವತ್ತರಷ್ಟು ದಾಟಿದವು. ಆ ದಿನ ಮೈಸೂರಿನ ಹಿರಿಯರಿಗೆ ಫೋನ್ ಮಾಡಿ ತಿಳಿಸಿದೆ, ಅವರು ಸಂತೋಷಪಟ್ಟರು. ಅಕ್ಟೋಬರಿನಲ್ಲಿ ಒಂದು ವಾರ ಮದುವೆಗೆಂದು ಊರಿಗೆ ಹೋದಾಗ ಕಪ್ಪು ಇರುವೆ ಒಂದು ತಟ್ಟೆಯ ಸೀಸೆಗಳಿಗೆ ಮುತ್ತಿ ಹದಿನೈದಿಪ್ಪತ್ತನ್ನು ಮುಗಿಸಿತು. ಈಗ ಮೇಜಿನ ನಾಲ್ಕು ಕಾಲುಗಳನ್ನೂ ನೀರಿನ ಬಟ್ಟಲಿನಲ್ಲಿ ನಿಲ್ಲಿಸಿದ್ದೇನೆ. ನವೆಂಬರ್ ಕೊನೆಗೆ ಕೆಲವು ಮರಿಗಳ ಪಾಲ್ಪಿನ ತುದಿ ಮೊಗ್ಗಿನಂತೆ ಊದಿಕೊಂಡವು. ಇನ್ನೊಂದು ಪೊರೆ ಕಳಚಿದರೆ ಗಂಡು ಎಂದು ತಿಳಿಯಿತು.

ಇನ್ನು ತಾಯಿಯ ಎಪಿಜೈನ್ ಬಿಡಿಸಿದ ಕೆಲಸ. ಮರಿಗಳು ಇಳಿದು ಒಂದು ತಿಂಗಳಾದ ಮೇಲೆ ತಾಯಿ ಸತ್ತಿತು, ಅದೇ ಗಳಿಗೆಯಲ್ಲಿ ಸ್ಪಿರಿಟ್‌ಗೆ ಹಾಕಿದೆ. ಇನ್ಸುಲಿನ್ ಸೂಜಿಯ ತುದಿಯಿಂದ ಹೊಟ್ಟೆಯ ಕೆಳಗಿನ ಆ ಸಣ್ಣ ಫಲಕವನ್ನು ಸುತ್ತಲೂ ಗೀರಿ ಎತ್ತಿ, 10 ಶೇಕಡಾ ಕಾಸ್ಟಿಕ್ ಪೊಟ್ಯಾಷ್‌ನಲ್ಲಿ ಬೆಚ್ಚಗೆ ಐದಾರು ನಿಮಿಷ ಇಟ್ಟರೆ ಮಾಂಸ ಕರಗುತ್ತದೆ. ಹಿಂದೆ ಒಮ್ಮೆ ರಾತ್ರಿಯಿಡೀ ಬಿಟ್ಟು ಮಲಗಿ, ಬೆಳಿಗ್ಗೆ ಗಾಜಿನಂತೆ ಪೇಲವವಾದ, ಮುಟ್ಟಿದರೆ ಮಡಿಚಿಕೊಳ್ಳುವ ಪೊರೆ ಮಾತ್ರ ಉಳಿದದ್ದನ್ನು ಕಂಡಿದ್ದೇನೆ. ತೊಳೆದ ಮೇಲೆ ಲವಂಗದ ಎಣ್ಣೆಗೆ ಹಾಕಬೇಕು. ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ: 70 ಶೇಕಡಾ ಸ್ಪಿರಿಟ್‌ನಿಂದ ನೇರವಾಗಿ ಎಣ್ಣೆಗೆ ಹಾಕಿದರೆ ಉಳಿದ ನೀರಿನಂಶಕ್ಕೆ ಎಣ್ಣೆ ಹಾಲಿನಂತೆ ಬೆಳ್ಳಗಾಗಿ ಏನೂ ಕಾಣುವುದಿಲ್ಲ. ನಡುವೆ ಹೆಚ್ಚು ಗಟ್ಟಿಯ ಆಲ್ಕೋಹಾಲಿನಲ್ಲಿ ಎರಡು ಸಲ ಅದ್ದಿ ತೆಗೆಯಬೇಕು. ಆಗ ಎಣ್ಣೆಯೊಳಗೆ ಫಲಕ ನಿಧಾನವಾಗಿ ತಿಳಿಯಾಗುತ್ತ ಹೋಗಿ, ಹಿಂಬದಿಯ ವೀರ್ಯಕೋಶಗಳೆರಡೂ ಕಂದು ಗುಂಡುಗಳಾಗಿ, ಅವುಗಳಿಗೆ ಹೋಗುವ ನಾಳಗಳ ಸುರುಳಿಯೊಡನೆ ಎದ್ದು ಬರುತ್ತವೆ. ನನಗೆ ಇವತ್ತಿಗೂ ಆ ಅರ್ಧ ನಿಮಿಷ ಉಸಿರು ಹಿಡಿದು ನೋಡುವಂಥದ್ದು.

ತಾಯಿಯ ಎಪಿಜೈನ್ ಪ್ರಕಟಿತ ಚಿತ್ರಗಳಿಗೆ ಸರಿಹೊಂದಿತು. ಏಳು ಹೆಣ್ಣುಮಕ್ಕಳ ಎಪಿಜೈನ್ ತಾಯಿಯದರಂತೆಯೇ ಇತ್ತು. ನಾಲ್ಕು ಗಂಡುಗಳಲ್ಲಿ ಎರಡು ಕಡುಬಣ್ಣದವು, ಎರಡು ತಿಳಿಬಣ್ಣದವು. ಆದರೆ ಪಾಲ್ಪಿನ ಮಧ್ಯದ ಕೊಂಡಿ ನಾಲ್ಕರಲ್ಲೂ ಒಂದೇ. ಹಳೆಯ ಎರಡು ಸೀಸೆಗಳನ್ನು ಬಿಚ್ಚಿ ಎಲ್ಲ ಗಂಡುಗಳನ್ನೂ ಮತ್ತೆ ನೋಡಿದೆ. ಸುಮಾರು ಮೂವತ್ತೈದು ಇದ್ದವು. ಮೂವತ್ತಕ್ಕೆ ಸ್ಯೂಡೋಆನ್ಯುಲೇಟಾ ಚೀಟಿ ಬಿತ್ತು. ಉಳಿದವು ಬೇರೆ ಪಾರ್ಡೋಸಾ; ಅವುಗಳ ತಾಯಿ ಸಿಗುವವರೆಗೆ ಪ್ರಭೇದದ ಹೆಸರು ಬರೆಯುವುದಿಲ್ಲ.

ಖರ್ಚಿನ ವಿಷಯಕ್ಕೆ ಬಂದರೆ, ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಸೂಕ್ಷ್ಮದರ್ಶಕವೊಂದಕ್ಕೆ ಮೊದಲು ಸುಮಾರು 2,800 ರೂಪಾಯಿ ಕೊಟ್ಟೆ, ಅದು ದಂಡವಾಯಿತು. ಆಳ ತೋರಿಸದ ಚಿತ್ರದಲ್ಲಿ ಪಾಲ್ಪಿನ ಕೊಂಡಿ ಯಾವ ಕಡೆ ಬಾಗಿದೆ ಎಂದು ತಿಳಿಯುವುದಿಲ್ಲ. ಆಮೇಲೆ ಮುಚ್ಚಿಹೋದ ಒಂದು ಪ್ರಯೋಗಾಲಯದ ಹಳೆಯ ಸ್ಟೀರಿಯೊ ಸೂಕ್ಷ್ಮದರ್ಶಕವನ್ನು 18,000ಕ್ಕೆ ಕೊಂಡೆ, ಮಸೂರ ಶುಚಿ ಮಾಡಿಸಲು ಇನ್ನೊಂದು ಎರಡು ಸಾವಿರ ಆಯಿತು. ಸೀಸೆ, ಸ್ಪಿರಿಟ್, ಲವಂಗದ ಎಣ್ಣೆ, ಬಸ್ ಚಾರ್ಜು ಎಲ್ಲ ಸೇರಿ ಆರು ವರ್ಷಕ್ಕೆ ಮೂವತ್ತೈದು ಸಾವಿರ ದಾಟಿರಬಹುದು. ಇದರಲ್ಲಿ ಮನಸ್ಸಿಗೆ ಹೆಚ್ಚು ನೋವು ಕೊಟ್ಟದ್ದು ಸ್ಪಿರಿಟ್. ಒಂದು ಅಂಗಡಿಯಿಂದ ತಂದ ಎರಡು ಲೀಟರಿನಲ್ಲಿ ನೀರು ಹೆಚ್ಚಾಗಿತ್ತು. ಮೇಲುಕೋಟೆಯ ಬಂಡೆಗಳ ನಡುವೆ ಎರಡು ಮಳೆಗಾಲ ತಿರುಗಿ ಕೂಡಿಹಾಕಿದ ನೂರಿಪ್ಪತ್ತರಷ್ಟು ಮಾದರಿಗಳು ಮೆತ್ತಗಾಗಿ ಕಾಲು ಉದುರಿಸಿದವು. ಅಂದಿನಿಂದ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದ್ದದೆ ಒಂದು ಸೀಸೆಯನ್ನೂ ತುಂಬಿಲ್ಲ.

ಸಾಕುವುದರ ನಡುವೆ ಇನ್ನೊಂದು ಪ್ರಯೋಗಕ್ಕೂ ಕೈ ಹಾಕಿದೆ. ಮನೆ ಹಿಂದಿನ ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಜಿಗ ಇರುವೆಗಳಿವೆ, ಅವುಗಳ ನಡುವೆ ಅವುಗಳಂತೆಯೇ ಕಾಣುವ ಮಿರ್ಮಾಪ್ಲಾಟಾ ಪ್ಲಾಟಲಿಯಾಯ್ಡಿಸ್ ಎಂಬ ಜಿಗಿಜೇಡವಿದೆ. ಹೆಣ್ಣು ಒಂಟಿ ಇರುವೆಯಂತಿದ್ದರೆ, ಗಂಡು ಮುಂದಕ್ಕೆ ಚಾಚಿದ ಭಾರೀ ದವಡೆಯಿಂದಾಗಿ ಇನ್ನೊಂದು ಇರುವೆಯನ್ನು ಕಚ್ಚಿಕೊಂಡು ಹೋಗುತ್ತಿರುವ ಇರುವೆಯಂತೆ ಕಾಣುತ್ತದೆ. ಇದರ ಮರಿಗಳನ್ನೂ ಸಾಕಿ ನೋಡಿದೆ: ಕೊನೆಯ ಪೊರೆಯ ಹಿಂದಿನ ದಿನದವರೆಗೆ ಅಣ್ಣ ತಂಗಿಯರನ್ನು ದವಡೆಯಿಂದ ಬೇರೆ ಮಾಡಲು ನನಗೆ ಆಗಲಿಲ್ಲ, ಪೊರೆ ಕಳಚಿದ ಮರುಬೆಳಿಗ್ಗೆ ಗಂಡಿನ ದವಡೆ ಉದ್ದವಾಗಿ ಚಾಚಿತ್ತು. ಉಳಿದದ್ದು ಮೂರೇ ಮರಿ.

ಚೀಟಿಯ ಬಗ್ಗೆ ಒಂದು ಮಾತು. ಸೀಸೆಯೊಳಗೆ ಪೆನ್ಸಿಲಿನಿಂದ ಬರೆದ ಚೀಟಿಯಲ್ಲಿ ಜಾಗ, ದಿನಾಂಕ, ತಾಯಿಯ ಸಂಖ್ಯೆ ಇವಿಷ್ಟೇ ಇರಲಿ. ಕುಟುಂಬದ ಹೆಸರು ಬೇರೆ ಚೀಟಿಯಲ್ಲಿರಲಿ. ಕಬ್ಬಿನ ಗರಿ ಮಡಿಚಿ ಗೂಡು ಮಾಡುವ ಕೈರಾಕ್ಯಾಂಥಿಯಮ್ ಕುಲವನ್ನು ಕ್ಲೂಬಿಯೋನಿಡೇಯಿಂದ ಮಿಟುರ್ಗಿಡೇಗೆ, ಅಲ್ಲಿಂದ ಯೂಟಿಕ್ಯೂರಿಡೇಗೆ, ಈಗ ಕೈರಾಕ್ಯಾಂಥಿಡೇಗೆ ತಂದು ನಿಲ್ಲಿಸಿದ್ದಾರೆ. ಜೇಡ ಇದ್ದಲ್ಲೇ ಇದೆ. ಹಳೆಯ ಪುಸ್ತಕ ನೋಡಿ ಕುಟುಂಬ ಬರೆದವರು ಪ್ರತಿ ಸಲವೂ ಸೀಸೆ ಬಿಚ್ಚಬೇಕಾಗುತ್ತದೆ. ಇನ್ನೊಂದು ಎಚ್ಚರಿಕೆ: ರಂಗನತಿಟ್ಟಿನಂಥ ರಕ್ಷಿತ ಜಾಗಗಳಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಜೇಡವನ್ನೂ ತರಬೇಡಿ. ನಮ್ಮ ಗದ್ದೆ, ತೋಟ, ಗೋಡೆಗಳಲ್ಲೇ ಜೀವಮಾನಕ್ಕಾಗುವಷ್ಟು ಕೆಲಸವಿದೆ.

ಸದ್ಯಕ್ಕೆ ಮೇಜಿನ ಮೇಲಿರುವುದು ಬದುವಿನ ಹುಲ್ಲಿನಲ್ಲಿ ಆಲಿಕೆಯಂಥ ಬಲೆ ಕಟ್ಟುವ ಹಿಪ್ಪಾಸಾ ಕುಲದ ಜೇಡ. ಬಲೆ ನೋಡಿದರೆ ಆಲಿಕೆ ಬಲೆಯ ಜೇಡಗಳ ಕುಟುಂಬವಾದ ಅಜೆಲೆನಿಡೇ ಎನ್ನಬೇಕು, ಕಣ್ಣು ನೋಡಿದರೆ ಸಂಶಯವೇ ಇಲ್ಲದ ಲೈಕೋಸಿಡೇ. 1884ರಲ್ಲಿ ಇದರ ಒಂದು ಪ್ರಭೇದವನ್ನು ವರ್ಣಿಸಿದ ಫ್ರಾನ್ಸಿನ ಜೇಡತಜ್ಞ ಸಿಮೋನ್ ಅದಕ್ಕೆ ಅಜೆಲೆನಾಯ್ಡಿಸ್, ಅಂದರೆ ಆ ಕುಟುಂಬದ ಅಜೆಲೆನಾ ಕುಲದಂಥದ್ದು, ಎಂದೇ ಹೆಸರಿಟ್ಟರು. ನನ್ನ ತಾಯಿಜೇಡ ಆ ಪ್ರಭೇದದ್ದೋ ಬೇರೆಯದೋ ಎಂಬುದು ಎಪಿಜೈನ್ ಬಿಡಿಸಿದ ಮೇಲೆ ತಿಳಿಯಬೇಕು. ಮರಿಗಳು ಐವತ್ತರಷ್ಟಿವೆ, ನಿನ್ನೆಗೆ ನಾಲ್ಕನೆಯ ಪೊರೆ ಕಳಚಿವೆ. ಅಣ್ಣನ ಮಗ ಪ್ರತಿ ಭಾನುವಾರ ಬಂದು, “ಚಿಕ್ಕಪ್ಪ, ಗಂಡು ಬಂತಾ?” ಎಂದು ಕೇಳಿ, ಸೀಸೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಪಾಲ್ಪಿನ ತುದಿ ಊದಿದೆಯೇ ಎಂದು ನೋಡುತ್ತಾನೆ. ಇನ್ನೂ ಊದಿಲ್ಲ.