ಬಿಲ್‌ನಲ್ಲಿರುವ ಕೆಲಸ ಗಾಡಿಯಲ್ಲಿ ಆಗಿದೆಯೇ? ಗುರುತು ಹಾಕಿ ನೋಡುವ ನನ್ನ ವಿಧಾನ

ಸರ್ವಿಸ್ ಮುಗಿದು ಗಾಡಿ ಕೈಗೆ ಬಂದ ಮೇಲೆ ಬಾನೆಟ್ ಎತ್ತಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎಲ್ಲ ತೊಳೆದು ಪಾಲಿಶ್ ಹೊಡೆದಿರುತ್ತಾರೆ. ಸಾಕ್ಷಿ ಬೇಕಿದ್ದರೆ ಅದನ್ನು ಗಾಡಿ ಗ್ಯಾರೇಜಿನೊಳಗೆ ಹೋಗುವ ಮೊದಲೇ ಪಾರ್ಟ್, ಬೋಲ್ಟುಗಳ ಮೇಲೆ ಗುರುತಾಗಿ ಇಟ್ಟಿರಬೇಕು. ನನ್ನ ಹಾಗೆ ಹಳದಿ ಬೋರ್ಡ್ (ಬಾಡಿಗೆ) ಗಾಡಿ ಇಟ್ಟುಕೊಂಡ ಬೇರೆಯವರ ಹತ್ತಿರ ಇದನ್ನು ಹೇಳಿದಾಗಲೆಲ್ಲ ಒಂದೇ ಉತ್ತರ ಬರುತ್ತಿತ್ತು: ಗುರುತು ಹಾಕಿದರೆ ಮೆಕ್ಯಾನಿಕ್ ಕಣ್ಣಿಗೆ ಬೀಳುತ್ತೆ, ಬೀಳದಿದ್ದರೆ ವಾಟರ್ ವಾಷ್‌ನಲ್ಲಿ ಅಳಿಸಿ ಹೋಗುತ್ತೆ. ಮೊದಮೊದಲು ಎರಡೂ ಆಯಿತು. ಈಗ ಆಗುತ್ತಿಲ್ಲ. ಇತ್ತೀಚಿನ ಸರ್ವಿಸ್‌ಗಳಲ್ಲೆಲ್ಲ ದುಡ್ಡು ಕಟ್ಟುವ ಮೊದಲೇ ಒಂದೋ ಕೆಲಸ ಮಾಡಿಸಿಕೊಂಡಿದ್ದೇನೆ, ಇಲ್ಲವೇ ಬಿಲ್‌ನಿಂದ ಐಟಂ ತೆಗೆಸಿದ್ದೇನೆ.

ಗುರುತಿನಲ್ಲಿ ಎರಡು ಬಗೆ. ಬದಲಾಯಿಸಬೇಕಾದ ಪಾರ್ಟ್‌ಗೆ ಅದರ ಮೈಮೇಲೇ ಗುರುತು. ಬಿಚ್ಚಿ ಹಾಕಬೇಕಾದ ಬೋಲ್ಟಿಗೆ, ಬೋಲ್ಟ್ ಮತ್ತು ಅದು ಕೂತ ಜಾಗ ಎರಡನ್ನೂ ದಾಟುವ ತೆಳು ಗೆರೆ. ಮೊದಲನೆಯದರಲ್ಲಿ ಗುರುತು ಗಾಡಿಯಿಂದ ಹೋಗಿರಬೇಕು, ಹೋದದ್ದು ಕೈಗೆ ಬಂದ ಹಳೇ ಪಾರ್ಟ್ ಮೇಲೆ ಸಿಗಬೇಕು. ಎರಡೂ ಆದರೆ ಮಾತ್ರ ಪಾಸ್. ಹಳೇ ಪಾರ್ಟ್ ಕೇಳಿದರೆ ಸಾಕು ಅಂದುಕೊಂಡವರು ಬಹಳ ಜನ. ಮೂಲೆಯ ಡಬ್ಬದಲ್ಲಿ ಬೇರೆ ಗಾಡಿಗಳ ಹಳೇ ಫಿಲ್ಟರ್ ಬೇಕಾದಷ್ಟು ಬಿದ್ದಿರುತ್ತವೆ, ಅದರಲ್ಲೊಂದು ಎತ್ತಿ ಕೊಟ್ಟರೆ ಗುರುತಿಲ್ಲದೆ ಪತ್ತೆ ಆಗುವುದಿಲ್ಲ. ಎರಡನೆಯದರಲ್ಲಿ ಗೆರೆ ಮುರಿದಿರಬೇಕು. ಬಿಚ್ಚಿದ ಬೋಲ್ಟ್ ಮತ್ತೆ ಕೂದಲೆಳೆ ತಪ್ಪದೆ ಅದೇ ಜಾಗಕ್ಕೆ ಬಂದು ನಿಲ್ಲುವುದು ಅಪರೂಪ. ತೆಳು ಗೆರೆ ಯಾಕೆ ಅಂದರೆ ಇದಕ್ಕೇ. ದಪ್ಪ ಗೆರೆಯಲ್ಲಿ ಒಂದು ಮಿಲಿಮೀಟರ್ ಸರಿದದ್ದು ಕಾಣುವುದಿಲ್ಲ.

ಪೆನ್ನಿನ ವಿಷಯದಲ್ಲೇ ಹೆಚ್ಚು ದುಡ್ಡು, ಸಮಯ ಹೋಯಿತು. ಸ್ಟೇಷನರಿ ಅಂಗಡಿಯ ಪರ್ಮನೆಂಟ್ ಮಾರ್ಕರ್ ಆಯಿಲ್ ತಾಗಿದರೆ ಕರಗುತ್ತೆ, ಬ್ರೇಕ್ ಕ್ಲೀನರ್ ಸ್ಪ್ರೇಗಂತೂ ನಿಲ್ಲುವುದೇ ಇಲ್ಲ. ನೇಲ್ ಪಾಲಿಶ್ ಪರವಾಗಿಲ್ಲ, ಆದರೆ ಬಿಸಿ ಜಾಗದಲ್ಲಿ ಚಕ್ಕೆ ಏಳುತ್ತೆ. ಚಕ್ಕೆ ಎದ್ದ ಗೆರೆ ನೋಡಿ ಬೋಲ್ಟ್ ಬಿಚ್ಚಿದ್ದಾರೆ ಅಂದುಕೊಂಡರೆ ಮೋಸ ಹೋದ ಹಾಗೆ. ಕೊನೆಗೆ ನಿಂತದ್ದು ಆಯಿಲ್ ಬೇಸ್ ಪೇಂಟ್ ಮಾರ್ಕರ್, ನೂರೈವತ್ತು ಇನ್ನೂರು ರೂಪಾಯಿ, ಬೆಂಗಳೂರಿನ ಜೆ.ಸಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತೆ. ಗುರುತು ಹಾಕುವ ಜಾಗವನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಗೆರೆ ಎಳೆದು ಒಂದು ರಾತ್ರಿ ಬಿಡಬೇಕು. ಜಿಡ್ಡಿನ ಮೇಲೆ ಎಳೆದರೆ ಯಾವ ಪೇಂಟೂ ನಿಲ್ಲದು. ಬಣ್ಣ ಬಿಳಿಯೇ ಇರಲಿ. ಫ್ಯಾಕ್ಟರಿಯಲ್ಲೇ ಟಾರ್ಕ್ ಮಾಡಿದ (ನಿಗದಿತ ಬಲಕ್ಕೆ ಬಿಗಿದ) ಬೋಲ್ಟುಗಳಿಗೆ ಬಿಳಿ, ಹಳದಿ ಪೇಂಟ್ ಗುರುತು ಹಾಕಿ ಕಳಿಸುತ್ತಾರೆ, ಹಾಗಾಗಿ ನಮ್ಮದೂ ಕಂಪನಿಯದೇ ಅನ್ನಿಸುತ್ತೆ. ಮೆಕ್ಯಾನಿಕ್ ಕಣ್ಣಿಗೆ ಬೀಳುತ್ತೆ ಅನ್ನುವ ಮಾತಿಗೆ ಉತ್ತರ ಇದೇ.

ಬರೆದದ್ದು ಯುವಿ (ನೇರಳಾತೀತ) ಬೆಳಕಿಗೆ ಮಾತ್ರ ಕಾಣುವ ಪೆನ್ನು, ಯುವಿ ಟಾರ್ಚ್ ಸೇರಿ ಮುನ್ನೂರು ನಾನೂರು ರೂಪಾಯಿ ಇರಬಹುದು. ಬಾನೆಟ್ ಕೆಳಗೆ ಎಲ್ಲ ಕಡೆ ಅದನ್ನೇ ಬಳಸಲು ಹೋಗಬೇಡಿ. ಎಂಜಿನ್ ಆಯಿಲ್ ತಾನೇ ಯುವಿ ಬೆಳಕಿಗೆ ನೀಲಿಯಾಗಿ ಮಿನುಗುತ್ತೆ, ಬಣ್ಣ ಹಾಕಿದ ಕೂಲೆಂಟ್ ಹಸಿರಾಗಿ ಹೊಳೆಯುತ್ತೆ; ಜಿನುಗಿದ ಎಂಜಿನ್ ಮೇಲೆ ಗುರುತು ಯಾವುದು, ಜಿಡ್ಡು ಯಾವುದು ತಿಳಿಯದು. ಒಣ ಜಾಗಕ್ಕೆ ಮಾತ್ರ ಅದು: ಏರ್ ಫಿಲ್ಟರಿನ ರಬ್ಬರ್ ಅಂಚಿನ ಕೆಳಮೈ, ಗ್ಲೋವ್ ಬಾಕ್ಸ್ ಹಿಂದಿನ ಎಸಿ ಫಿಲ್ಟರಿನ ಫ್ರೇಮ್. ಅತಿ ಹೆಚ್ಚು ಮೋಸ ಆಗುವುದೂ ಈ ಎರಡರಲ್ಲೇ. ಏರ್ ಹೊಡೆದು ಧೂಳು ಹಾರಿಸಿ ಅದನ್ನೇ ವಾಪಸ್ ಕೂರಿಸಿ ಹೊಸದಕ್ಕೆ ಬಿಲ್ ಹಾಕುವುದು ಅರ್ಧ ನಿಮಿಷದ ಕೆಲಸ.

ಆಯಿಲ್ ವಿಷಯ. ಪೆಟ್ರೋಲ್ ಗಾಡಿಯಾದರೆ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಮೇಲಿನ ಆಯಿಲ್ ಬಣ್ಣ ಸ್ವಲ್ಪ ಸುಳಿವು ಕೊಡುತ್ತೆ. ಡೀಸೆಲ್‌ನಲ್ಲಿ ಬಣ್ಣ ನೋಡುವುದು ವ್ಯರ್ಥ, ಹೊಸ ಆಯಿಲ್ ಹಾಕಿ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಕಪ್ಪಗಾಗಿರುತ್ತೆ. ಗೆರೆ ಡ್ರೈನ್ ಪ್ಲಗ್ (ಆಯಿಲ್ ಇಳಿಸುವ ಬೋಲ್ಟ್) ಮತ್ತು ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಎರಡನ್ನೂ ದಾಟಿರಲಿ, ಫಿಲ್ಟರ್ ಡಬ್ಬಿಯ ಬುಡದಲ್ಲಿ ಬೇರೆ ಗುರುತಿರಲಿ. ಇಲ್ಲೊಂದು ಎಚ್ಚರಿಕೆ: ಕೆಲವು ಕಡೆ ಡಿಪ್‌ಸ್ಟಿಕ್ ಪೈಪಿನಿಂದ ವ್ಯಾಕ್ಯೂಮ್ ಮಷಿನ್‌ನಲ್ಲಿ ಆಯಿಲ್ ಎಳೆಯುತ್ತಾರೆ. ಆಗ ಪ್ಲಗ್ ಗೆರೆ ಮುರಿಯದಿದ್ದರೂ ಆಯಿಲ್ ಬದಲಾಗಿರುತ್ತೆ. ಗಾಡಿ ಬಿಡುವಾಗಲೇ ಹೇಗೆ ತೆಗೆಯುತ್ತೀರಿ ಎಂದು ಕೇಳಿ ಜಾಬ್ ಕಾರ್ಡ್‌ನಲ್ಲಿ (ಮಾಡಬೇಕಾದ ಕೆಲಸ ಬರೆದುಕೊಳ್ಳುವ ಹಾಳೆ) ಬರೆಸಿ, ಆಮೇಲೆ ಜಗಳ ಇರುವುದಿಲ್ಲ. ಪ್ಲಗ್ ತೆಗೆದಿದ್ದರೆ ವಾಷರ್ ಕೂಡ ಹೊಸದಾಗಿ ಹೊಳೆಯಬೇಕು, ಬಿಲ್‌ನಲ್ಲಿ ಅದಕ್ಕೆ ಹೇಗೂ ದುಡ್ಡು ಹಾಕಿರುತ್ತಾರೆ.

ಬ್ಲಾಟಿಂಗ್ ಪೇಪರ್ ಮೇಲೆ ಆಯಿಲ್ ಹನಿ ಬಿಟ್ಟು ಹಳೆಯದೋ ಹೊಸದೋ ನೋಡುವ ಪ್ರಯೋಗವನ್ನೂ ಮಾಡಿದೆ. ಪೂರ್ತಿ ಹಳೇ ಆಯಿಲ್, ಪೂರ್ತಿ ಹೊಸ ಆಯಿಲ್ ಆದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ. ಅರ್ಧ ತೆಗೆದು ಅರ್ಧ ತುಂಬಿದ್ದರೆ ಹನಿ ಏನೂ ಹೇಳುವುದಿಲ್ಲ. ಬಿಟ್ಟುಬಿಟ್ಟೆ.

ಬ್ರೇಕ್ ಕ್ಲೀನಿಂಗ್ ಎಂದು ಆರೇಳು ನೂರು ಬಿಲ್ ಹಾಕುವ ಕಡೆ ಚಕ್ರದ ನಟ್ ಮೇಲೆ ಗೆರೆ ಎಳೆಯುವುದು ಎಲ್ಲರಿಗೂ ಹೊಳೆಯುತ್ತೆ. ಸಾಲದು. ವೀಲ್ ಬ್ಯಾಲೆನ್ಸಿಂಗ್‌ಗೂ ಚಕ್ರ ಬಿಚ್ಚುತ್ತಾರೆ, ಗೆರೆ ಅದರಿಂದಲೇ ಮುರಿದಿರುತ್ತೆ. ಗುರುತು ಕ್ಯಾಲಿಪರಿನ (ಬ್ರೇಕ್ ಪ್ಯಾಡ್ ಒತ್ತುವ ಭಾಗ) ಕೆಳಗಿನ ಸ್ಲೈಡ್ ಪಿನ್, ಅಂದರೆ ಕ್ಯಾಲಿಪರ್ ಜಾರುವ ಪಿನ್ನಿನ ಬೋಲ್ಟ್ ಮೇಲಿರಬೇಕು. ಕ್ಯಾಲಿಪರ್ ಎತ್ತದೆ ಪ್ಯಾಡ್ ಹೊರಗೆ ಬರುವುದಿಲ್ಲ, ಆ ಬೋಲ್ಟ್ ಬಿಚ್ಚದೆ ಪಿನ್‌ಗೆ ಗ್ರೀಸ್ ಹಚ್ಚಿರಲು ಸಾಧ್ಯವಿಲ್ಲ. ಹಿಂದಿನ ಚಕ್ರದ ಬ್ರೇಕ್ ಡ್ರಮ್‌ಗೆ ಬ್ಯಾಕ್ ಪ್ಲೇಟ್ (ಅದರ ಹಿಂದಿನ ತಿರುಗದ ತಟ್ಟೆ) ಸೇರಿಸಿ ಗೆರೆ ಎಳೆಯಲಾಗದು, ಡ್ರಮ್ ಚಕ್ರದ ಜೊತೆ ತಿರುಗುತ್ತೆ. ಅಲ್ಲಿ ಫೋಟೋ ಕೇಳಿ, ಜಾಬ್ ಕಾರ್ಡ್ ನಂಬರ್ ಬರೆದ ಚೀಟಿ ಡ್ರಮ್ ಪಕ್ಕದಲ್ಲೇ ಕಾಣಬೇಕು. ಚೀಟಿ ಇಲ್ಲದ ಫೋಟೋ ಯಾವ ಗಾಡಿಯದೋ ಯಾರಿಗೆ ಗೊತ್ತು.

ಬ್ರೇಕ್ ಫ್ಲೂಯಿಡ್ ಇನ್ನೂ ಸೂಕ್ಷ್ಮ. ಇದು ಗಾಳಿಯ ತೇವ ಹೀರುತ್ತೆ. ಡಾಟ್ 3, ಡಾಟ್ 4 ಎಂಬುವು ಇದರ ದರ್ಜೆಗಳು. ಡಾಟ್ 3 ಹೊಸದಿದ್ದಾಗ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಹೀರಿದ ಮೇಲಿನ ಮಿತಿ 140. ಡಾಟ್ 4ಕ್ಕೆ ಅದೇ 230 ಮತ್ತು 155. ಬಿಸಿಗೆ ಫ್ಲೂಯಿಡ್ ಕುದ್ದರೆ ಬ್ರೇಕ್ ಹಿಡಿಯದು, ಚಾರ್ಮಾಡಿ, ಆಗುಂಬೆ ಇಳಿಯುವ ಗಾಡಿಗೆ ಇದು ಪ್ರಾಣದ ಪ್ರಶ್ನೆ. ಮುನ್ನೂರು ರೂಪಾಯಿಯ, ತೇವ ಅಳೆಯುವ ಟೆಸ್ಟರ್ ಪೆನ್ನು ಅದ್ದಿ ಹಸಿರು ಲೈಟ್ ಬಂತೆಂದು ಸಮಾಧಾನ ಪಡಬೇಡಿ. ಮೇಲಿನ ಡಬ್ಬಿಯಲ್ಲಿದ್ದದ್ದನ್ನು ಮಾತ್ರ ಸಿರಿಂಜಿನಲ್ಲಿ ಎಳೆದು ಹೊಸದು ತುಂಬಿದರೂ ಪೆನ್ನು ಹಸಿರೇ ತೋರಿಸುತ್ತೆ, ಕ್ಯಾಲಿಪರ್ ತನಕದ ಪೈಪಿನಲ್ಲಿ ಹಳೆಯದೇ ಇರುತ್ತೆ. ನಾಲ್ಕೂ ಚಕ್ರದ ಬ್ಲೀಡರ್ ನಿಪ್ಪಲ್‌ಗೆ (ಹಳೇ ಫ್ಲೂಯಿಡ್ ಹೊರಬಿಡಲು ಬಿಚ್ಚುವ ತಿರುಪು) ಗೆರೆ ಎಳೆಯಿರಿ. ನನ್ನ ಗಾಡಿಯೊಂದರಲ್ಲಿ ಡಬ್ಬಿಯ ಫ್ಲೂಯಿಡ್ ಹೊಸದರಂತೆ ತಿಳಿ ಜೇನಿನ ಬಣ್ಣದಲ್ಲಿತ್ತು, ಆದರೆ ನಾಲ್ಕು ಗೆರೆಯೂ ಮುರಿಯದೆ ಹಾಗೇ ಇದ್ದವು. ಎಲ್ಲರೂ ನಗುತ್ತಿದ್ದ ವಿಧಾನಕ್ಕೆ ಬೆಲೆ ಬಂದದ್ದು ಅಲ್ಲಿ.

ಕೂಲೆಂಟಿನದೂ ಇದೇ ಕಥೆ, ರಿಸರ್ವಾಯರ್ ಮಾತ್ರ ತುಂಬಿ ಬದಲಾಯಿಸಿದೆವು ಅನ್ನುತ್ತಾರೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ಎರಡೂ ಕಡೆಯ ಬಣ್ಣ ಹೋಲಿಸಿ. ಬಿಸಿ ಇದ್ದಾಗ ಮುಟ್ಟಬೇಡಿ.

ವೀಲ್ ಅಲೈನ್‌ಮೆಂಟ್‌ಗೆ ಟೈ ರಾಡ್ (ಮುಂದಿನ ಚಕ್ರದ ದಿಕ್ಕು ತಿರುಗಿಸುವ ಸರಳು) ಲಾಕ್ ನಟ್ ಮೇಲೆ ಗೆರೆ. ಚಿಕ್ಕ ಗಾಡಿಗಳಲ್ಲಿ ಹೆಚ್ಚಾಗಿ ಮುಂದಿನ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಒಂದೇ ಅಡ್ಜಸ್ಟ್ ಆಗುವುದು. ಗೆರೆ ಮುರಿದಿಲ್ಲ ಅಂದ ಮಾತ್ರಕ್ಕೆ ಮೋಸ ಅನ್ನಬಾರದು, ಟೋ ಮೊದಲೇ ಸರಿ ಇದ್ದಿರಬಹುದು. ಆದ್ದರಿಂದ ಮೊದಲು ಮತ್ತು ನಂತರದ ಅಂಕಿ ಇರುವ ಪ್ರಿಂಟ್ ಕೇಳಬೇಕು. ಎರಡು ಅಂಕಿ ಬೇರೆ ಇದ್ದೂ ಗೆರೆ ಹಾಗೇ ಇದ್ದರೆ ಆ ಪ್ರಿಂಟ್ ಸುಳ್ಳು. ಬ್ಯಾಲೆನ್ಸಿಂಗ್‌ಗೆ ಹಳೇ ತೂಕದ ತುಂಡಿನಿಂದ ರಿಮ್‌ಗೆ ಗೆರೆ, ಟೈರ್ ರೊಟೇಶನ್‌ಗೆ ಟೈರಿನ ಒಳಮೈಯಲ್ಲಿ ಅಂಕಿ.

ಬೋಲ್ಟೇ ಇಲ್ಲದ ಕೆಲಸಗಳು ಉಳಿದವು: ಎಂಜಿನ್ ಫ್ಲಶ್ (ಹಳೇ ಆಯಿಲಿಗೆ ದ್ರಾವಣ ಸೇರಿಸಿ ಒಳಗೆ ತೊಳೆಯುವುದು), ಇಂಜೆಕ್ಟರ್ ಕ್ಲೀನಿಂಗ್ (ಇಂಧನ ಸಿಂಪಡಿಸುವ ಭಾಗದ ಶುಚಿ), ಡಿಕಾರ್ಬನೈಸಿಂಗ್ (ಎಂಜಿನ್ ಒಳಗಿನ ಮಸಿ ತೆಗೆಯುವುದು). ಒಂದೊಂದಕ್ಕೆ ಸಾವಿರದಿಂದ ಎರಡೂವರೆ ಸಾವಿರ. ಸರ್ವಿಸ್ ಅಡ್ವೈಸರ್‌ಗಳಿಗೆ (ಕೌಂಟರಿನಲ್ಲಿ ಕೆಲಸ ಬರೆದುಕೊಳ್ಳುವವರು) ಟಾರ್ಗೆಟ್ ಇರುವುದು ಇವುಗಳ ಮೇಲೇ, ಮೆಕ್ಯಾನಿಕ್‌ಗೆ ಸಮಯ ಇಲ್ಲದಿರುವುದೂ ಇವಕ್ಕೇ. ಆದರೆ ಏನನ್ನೂ ಬಿಚ್ಚದೆ ಮಾಡುವುದಾದರೆ ಇವಕ್ಕೆ ಸಾಮಾನ್ಯವಾಗಿ ಎಂಜಿನ್ ಚಾಲೂ ಇರಬೇಕು. ಫ್ಲಶ್ ಹಾಕಿದರೆ ಡಬ್ಬಿ ಮೇಲೆ ಬರೆದಂತೆ ಹತ್ತು ಹದಿನೈದು ನಿಮಿಷ ಐಡಲ್‌ನಲ್ಲಿ ಓಡಿಸಬೇಕು, ಡಿಕಾರ್ಬನೈಸಿಂಗ್‌ಗೆ ಅರ್ಧ ಗಂಟೆಯಾದರೂ ಬೇಕು. ನಮ್ಮ ಗಾಡಿಗಳಲ್ಲಿ ಜಿಪಿಎಸ್ ಹೇಗೂ ಇದೆ, ಇಗ್ನಿಷನ್ ಆನ್ ಆಫ್ ಆದ ಸಮಯ ಅದರಲ್ಲಿ ಕೂತಿರುತ್ತೆ. ಇಡೀ ದಿನದಲ್ಲಿ ಇಗ್ನಿಷನ್ ಐದೈದು ನಿಮಿಷಕ್ಕಿಂತ ಹೆಚ್ಚು ಒಟ್ಟಿಗೆ ಆನ್ ಆಗಿಲ್ಲದಿದ್ದರೆ ಆ ಕೆಲಸ ಆಗಿಲ್ಲ. ಟೆಸ್ಟ್ ಡ್ರೈವ್ ಮಾಡಿದ್ದೇವೆ ಅನ್ನುವುದೂ ಅಲ್ಲೇ ಗೊತ್ತಾಗುತ್ತೆ.

ಸ್ಕ್ಯಾನಿಂಗ್ ಮತ್ತು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ರಿಸೆಟ್ ಎಂದು ಬಿಲ್ ಇದ್ದರೆ, ಗಾಡಿಗೆ ಸಿಕ್ಕಿಸಿ ಅದರ ಮಾಹಿತಿ ಓದುವ ಐನೂರು ಆರುನೂರರ ಓಬಿಡಿ ಅಡಾಪ್ಟರ್ ಸಾಕು. ಫಾಲ್ಟ್ ಕೋಡ್ ಅಳಿಸಿದ ಮೇಲೆ ಗಾಡಿ ಓಡಿದ ದೂರ ಎಂಬ ಒಂದು ಅಂಕಿ ಇಸಿಯುನಲ್ಲಿ ಇರುತ್ತೆ. ಎಲ್ಲ ಗಾಡಿ ತೋರಿಸುವುದಿಲ್ಲ, ನಿಮ್ಮದು ತೋರಿಸುತ್ತದೆಯೇ ಮೊದಲೇ ನೋಡಿಕೊಳ್ಳಿ. ರಿಸೆಟ್ ಮಾಡಿದ್ದರೆ ಅದು ಸೊನ್ನೆಯಿಂದ ಶುರುವಾಗಿರಬೇಕು. ಬಿಲ್‌ನಲ್ಲಿ ರಿಸೆಟ್ ಇಲ್ಲದೆಯೂ ಸೊನ್ನೆ ಆಗಿದ್ದರೆ ಕೇಳಲೇಬೇಕು: ಬ್ಯಾಟರಿ ಕಳಚಿದಿರಾ, ಅಥವಾ ಯಾವುದೋ ಫಾಲ್ಟ್ ಬಂದಿದ್ದನ್ನು ಹೇಳದೆ ಅಳಿಸಿದಿರಾ?

ಇವಲ್ಲದೆ ನಾನು ಹಾಕುವ ಇನ್ನೊಂದು ಗುಟ್ಟಿನ ಗುರುತು ಎಲ್ಲಿರುತ್ತದೆ ಎಂದು ಮಾತ್ರ ಬರೆಯುವುದಿಲ್ಲ. ಮೇಲೆ ಹೇಳಿದ ಗುರುತನ್ನು ಕಂಡು ಅಳಿಸಿದವರೂ ಅದನ್ನು ಇನ್ನೂ ಕಂಡಿಲ್ಲ, ಹಾಗೇ ಇರಲಿ.

ಲೆಕ್ಕ ಹೇಳುವುದಾದರೆ, ಎಲ್ಲ ಸಾಮಾನು ಸೇರಿ ಒಂದೂವರೆ ಸಾವಿರ ದಾಟಿಲ್ಲ. ಎಂಟೊಂಬತ್ತು ಸಾವಿರದ ಒಂದು ಬಿಲ್‌ನಲ್ಲಿ ಎರಡೂವರೆ ಸಾವಿರದಷ್ಟು ಕೆಲಸ ಆಗಿರಲಿಲ್ಲ. ಎಲ್ಲ ಕಡೆ ಹೀಗೇ ಅಂತಲ್ಲ. ಗುರುತು ಹಾಕಲು ಶುರು ಮಾಡಿದ ಮೇಲೆ ಒಬ್ಬ ಗ್ಯಾರೇಜಿನವರ ಮೇಲೆ ನಂಬಿಕೆ ಹೆಚ್ಚಿ ಈಗ ಹೆಚ್ಚಿನ ಗಾಡಿ ಅಲ್ಲಿಗೇ ಹೋಗುತ್ತವೆ.

ಕೌಂಟರಿನಲ್ಲಿ ಕ್ರಮ ಮುಖ್ಯ. ಫೈನಲ್ ಬಿಲ್ ಪ್ರಿಂಟ್ ಆಗುವ ಮೊದಲು, ಗಾಡಿ ಇನ್ನೂ ಲಿಫ್ಟ್ ಮೇಲಿರುವಾಗಲೇ ನೋಡಬೇಕು. ಬೈಯಬೇಡಿ. "ಸಾರ್, ಇದು ಬಾಕಿ ಇರೋ ಹಾಗಿದೆ, ಮಾಡಿಸಿಕೊಡಿ, ಕಾಯ್ತೀನಿ" ಅಂದರೆ ಹತ್ತರಲ್ಲಿ ಒಂಬತ್ತು ಸಲ ಕೆಲಸ ಆಗುತ್ತೆ. ಸರ್ವಿಸ್‌ಗೆ ಮುಂಚಿನ ಫೋಟೋ ಜೇಬಿನಲ್ಲಿರಲಿ, ತೋರಿಸುವುದು ಕೊನೆಗೆ. ಬಿಲ್‌ನ ತೆರಿಗೆ ಕಾಲಂ ಮೇಲೂ ಒಮ್ಮೆ ಕಣ್ಣಾಡಿಸಿ, 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ದುಡ್ಡು ಕಟ್ಟಿ ಹೊರಬಂದ ಮೇಲೆ ಗೊತ್ತಾದರೆ ದಾರಿ ಉದ್ದ: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್, ಆಮೇಲೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಅಲ್ಲೂ ಬೇಕಾಗುವುದು ಅದೇ ಮೊದಲಿನ ಫೋಟೋ, ಓಡೋಮೀಟರ್ ಅಂಕಿ ಕಾಣುವ ಇನ್ನೊಂದರ ಜೊತೆ.

ಹೊಸ ಫಿಲ್ಟರ್ ಕೂತ ವಾರದೊಳಗೇ ಮುಂದಿನ ಸರ್ವಿಸ್‌ನ ಗುರುತು ಹಾಕಿಬಿಡಿ, ಜಿಡ್ಡು ಕೂತ ಮೇಲೆ ಒರೆಸುವ ಕೆಲಸ ಎರಡರಷ್ಟು.