ಒಂದೇ ಕಂಪ್ಯೂಟರ್‌ನಲ್ಲಿ ಎರಡು ಓಎಸ್: ಲೈಸೆನ್ಸ್ ಎಷ್ಟು ಬೇಕು?

ಒಂದೇ ಕಂಪ್ಯೂಟರ್‌ನಲ್ಲಿ ಎರಡು ಓಎಸ್ (ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್) ಇಟ್ಟುಕೊಳ್ಳೋದಾದರೆ, ಡಿಸ್ಕನ್ನು ಪಾರ್ಟಿಷನ್ ಅಂದರೆ ಭಾಗ ಮಾಡೋಕೆ ಕೈ ಹಾಕುವ ಮೊದಲು ಲೈಸೆನ್ಸ್ ಲೆಕ್ಕ ಹಾಕಿಕೊಳ್ಳಿ. ವಿಂಡೋಸ್ ಜೊತೆ ಲಿನಕ್ಸ್ ಹಾಕೋದಾದರೆ ತಲೆನೋವಿಲ್ಲ. ಉಬುಂಟು, ಡೆಬಿಯನ್, ಫೆಡೋರಾ ಇವನ್ನು ಎಷ್ಟು ಕಂಪ್ಯೂಟರ್‌ಗೆ ಬೇಕಾದರೂ ಹಾಕಬಹುದು, ಲೈಸೆನ್ಸ್ ಕೀ (ಕೋಡ್) ಕೇಳೋದೇ ಇಲ್ಲ.

ಎರಡೂ ವಿಂಡೋಸ್ ಆದರೆ ಕಥೆ ಬೇರೆ. ಉದಾಹರಣೆಗೆ ಒಂದು ಪಾರ್ಟಿಷನ್‌ನಲ್ಲಿ 10, ಇನ್ನೊಂದರಲ್ಲಿ 11. ಡಿಜಿಟಲ್ ಲೈಸೆನ್ಸ್ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುವುದರಿಂದ ಎರಡೂ ತಾವಾಗಿಯೇ ಆಕ್ಟಿವೇಟ್ ಆಗಬಹುದು, ಆದರೆ ಆಕ್ಟಿವೇಟ್ ಆಯ್ತು ಅಂದ ಮಾತ್ರಕ್ಕೆ ಅನುಮತಿ ಇದೆ ಅಂತಲ್ಲ. ವಿಂಡೋಸ್ ಕರಾರಿನಲ್ಲಿ ಇರೋದು ಒಂದು ಲೈಸೆನ್ಸ್‌ಗೆ ಒಂದು ಇನ್‌ಸ್ಟಾಲ್ ಅಂತ. ವರ್ಚುವಲ್ ಮಷೀನ್‌ನಲ್ಲಿ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಸೃಷ್ಟಿಸುವ ಇನ್ನೊಂದು ಕಂಪ್ಯೂಟರ್) ಹಾಕಿದರೂ ಅದು ಇನ್ನೊಂದು ಇನ್‌ಸ್ಟಾಲೇ. ಲ್ಯಾಪ್‌ಟಾಪ್ ಜೊತೆ ಬಂದ ಓಇಎಮ್ (ತಯಾರಕರೇ ಹಾಕಿಕೊಟ್ಟ) ಲೈಸೆನ್ಸನ್ನು ಬೇರೆ ಕಂಪ್ಯೂಟರ್‌ಗೆ ಸಾಮಾನ್ಯವಾಗಿ ಸಾಗಿಸೋಕೂ ಆಗಲ್ಲ.

ಮ್ಯಾಕ್‌ಓಎಸ್ ಆಪಲ್ ಯಂತ್ರದಲ್ಲಿ ಮಾತ್ರ. ಆದರೆ ಮ್ಯಾಕ್ ಒಳಗೇ ವರ್ಚುವಲ್ ಮಷೀನ್‌ನಲ್ಲಿ ಇನ್ನೂ 2 ಕಾಪಿ ಓಡಿಸಬಹುದು.

ಜಾಸ್ತಿ ಜನ ಎಡವೋದು ಓಎಸ್‌ನಲ್ಲಿ ಅಲ್ಲ, ಅದರ ಮೇಲೆ ಓಡುವ ಸಾಫ್ಟ್‌ವೇರ್‌ನಲ್ಲಿ. ಕೆಲವು ಪ್ರೋಗ್ರಾಂಗಳು ಒಂದೇ ಯಂತ್ರದ ಎರಡು ಓಎಸ್ ಅನ್ನು ಎರಡು ಕಂಪ್ಯೂಟರ್ ಅಂತಲೇ ಎಣಿಸುತ್ತವೆ. ನನ್ನ ಆಡಿಯೋ ಎಡಿಟರ್‌ಗೆ 2 ಆಕ್ಟಿವೇಶನ್ ಇತ್ತು, ಎರಡು ಓಎಸ್‌ನಲ್ಲೂ ಹಾಕಿದೆ, ಆಮೇಲೆ ಒಂದನ್ನು ಸುಮ್ನೆ ಫಾರ್ಮ್ಯಾಟ್ ಮಾಡಿಬಿಟ್ಟೆ. ಮತ್ತೆ ಹಾಕಹೋದರೆ ‘ಮಿತಿ ಮೀರಿದೆ’ ಅಂತು! ಅದಕ್ಕೇ ಅಳಿಸುವ ಮೊದಲು ಪ್ರೋಗ್ರಾಂ ತೆರೆದು ಡೀಆಕ್ಟಿವೇಟ್ ಒತ್ತಿ. ಹಾಗೆಯೇ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಬಳಸುತ್ತಿದ್ದರೆ ಅದರ ರಿಕವರಿ ಕೀಯನ್ನು ಪೆನ್‌ಡ್ರೈವ್‌ಗೋ ಕಾಗದಕ್ಕೋ ಇಳಿಸಿಕೊಳ್ಳಿ, ಬೂಟ್ (ಕಂಪ್ಯೂಟರ್ ಶುರುವಾಗುವ) ಸೆಟ್ಟಿಂಗ್ ಬದಲಾದರೆ ಬಿಟ್‌ಲಾಕರ್ ಆ ಕೀ ಕೇಳಬಹುದು.