ಮಾನಿಟರಿಂಗ್ ಟೂಲ್‌ಗೆ ವಿವರಣೆ ಬರೆಯುವುದು: ಎಐ ಏಜೆಂಟ್ ಎಡವುವ ಜಾಗಗಳು

ಪಂಪ್‌ಹೌಸಿಗೆ ಹೊಸ ಆಪರೇಟರ್ ಬಂದರೆ ಹಳಬರು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾರೆ: 'ಕರೆಂಟ್ ಬಂದ ತಕ್ಷಣದ ರೀಡಿಂಗ್ ನಂಬಬೇಡಪ್ಪ, ಸ್ವಲ್ಪ ತಡಿ.' ನಮ್ಮ ಪ್ರಶ್ನೆಗೆ ಉತ್ತರಿಸಲು ಟೂಲ್‌ಗಳನ್ನು (ಡೇಟಾ ತರುವ ಅಥವಾ ಏನಾದರೂ ಬದಲಾಯಿಸುವ ಸಣ್ಣ ಪ್ರೋಗ್ರಾಂಗಳು) ತಾನೇ ಕರೆಯುವ ಎಐ ಏಜೆಂಟ್‌ಗೆ ಹಾಗೆ ಹೇಳುವವರಿಲ್ಲ. ಯಾವ ಟೂಲ್ ಕರೆಯಬೇಕು ಎಂದು ತೀರ್ಮಾನಿಸಲು ಅದರ ಕೈಲಿರುವುದು ಟೂಲ್‌ನ ಹೆಸರು, ವಿವರಣೆ, ಪ್ಯಾರಾಮೀಟರ್‌ಗಳ ಸ್ಕೀಮಾ (ಟೂಲ್‌ಗೆ ಯಾವ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡಬೇಕೆಂಬ ಪಟ್ಟಿ), ಇಷ್ಟೇ.

ಹೆಚ್ಚಿನ ಕಡೆ ಕಾಣುವ ವಿವರಣೆ: 'ಮಾನಿಟರಿಂಗ್ ಡೇಟಾ ತರುತ್ತದೆ.' ಇಂಥ ಮೂರು ಟೂಲ್ ಇದ್ದರೆ ಏಜೆಂಟ್ ಚೀಟಿ ಎತ್ತಿದಂತೆ ಒಂದನ್ನು ಆರಿಸುತ್ತದೆ. ರೀಡಿಂಗ್‌ಗಳನ್ನು ಸಂಗ್ರಹಿಸಿಡುವ ಪ್ರೊಮಿಥಿಯಸ್ ಎಂಬ ಮಾನಿಟರಿಂಗ್ ಸಾಫ್ಟ್‌ವೇರ್ ಬಳಸುವವರು ಹೀಗೆ ಬರೆಯಬಹುದು (ಮೆಟ್ರಿಕ್ ಎಂದರೆ ಹರಿವು, ಮಟ್ಟದಂಥ ಅಳೆಯುವ ವಿಷಯ; ಲೇಬಲ್ ಎಂದರೆ ಅದು ಯಾವ ಪಂಪ್, ಯಾವ ಜಿಲ್ಲೆಯದು ಎಂಬ ಗುರುತು):

'ಒಂದು ಮೆಟ್ರಿಕ್‌ನ ರೀಡಿಂಗ್‌ಗಳನ್ನು ಕೊಟ್ಟ ಅವಧಿಗೆ ತರುತ್ತದೆ. ಈ ಕ್ಷಣದ ಒಂದೇ ರೀಡಿಂಗ್ ಸಾಕಿದ್ದರೆ "ಈಗಿನ_ರೀಡಿಂಗ್" ಕರೆ. ಮೆಟ್ರಿಕ್ ಹೆಸರನ್ನು ಊಹಿಸಬೇಡ; ಗೊತ್ತಿಲ್ಲದಿದ್ದರೆ ಮೊದಲು "ಮೆಟ್ರಿಕ್_ಹುಡುಕು" ಕರೆ. 15 ದಿನಕ್ಕಿಂತ ಹಳೆಯ ಡೇಟಾ ಇಲ್ಲ. ಖಾಲಿ ಪಟ್ಟಿ ಬಂದರೆ ಹೆಸರು ಅಥವಾ ಲೇಬಲ್ ತಪ್ಪಿರಬಹುದು, ಇಲ್ಲವೇ ಆ ಹೊತ್ತಿನಲ್ಲಿ ಡೇಟಾ ಬಂದಿಲ್ಲ. ರೀಡಿಂಗ್ ಸೊನ್ನೆ ಎಂದು ತಿಳಿಯಬೇಡ.'

ಡೇಟಾವನ್ನು 15 ದಿನ ಇಟ್ಟುಕೊಳ್ಳುವುದು ಪ್ರೊಮಿಥಿಯಸ್‌ನ ಡಿಫಾಲ್ಟ್. ನಿಮ್ಮ ಸರ್ವರ್‌ನಲ್ಲಿ ಬದಲಿಸಿದ್ದರೆ ಆ ಸಂಖ್ಯೆ ಬರೆಯಿರಿ. ಕೊನೆಯ ವಾಕ್ಯವನ್ನಂತೂ ಬಿಡಲೇಬೇಡಿ. ಅದಿಲ್ಲದಿದ್ದರೆ ಸೆನ್ಸರ್ ಸತ್ತು ಬಿದ್ದಿರುವಾಗ 'ಪಂಪ್ ನಿಂತಿದೆ, ಹರಿವು ಸೊನ್ನೆ' ಎಂಬ ವರದಿ ಬರುತ್ತದೆ.

ಯೂನಿಟ್‌ನಲ್ಲಿ ಆಗುವ ಎಡವಟ್ಟು ಮಂಡ್ಯ, ಮೈಸೂರಿನವರಿಗೆ ಬೇಗ ಅರ್ಥವಾದೀತು. ಕನ್ನಂಬಾಡಿ ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಪತ್ರಿಕೆಯಲ್ಲೂ ಮಾತಲ್ಲೂ ಅಡಿಯೇ. ಅಂಥ ಮಟ್ಟ ಅಳೆಯುವ ಸೆನ್ಸರ್ ಮೀಟರ್‌ನಲ್ಲಿ ಕಳಿಸಿದರೆ ತುಂಬಿದ ಕಟ್ಟೆ 38.04 ಎಂದು ಕಾಣುತ್ತದೆ. ಯೂನಿಟ್ ಬರೆಯದೆ ಹೋದರೆ ಏಜೆಂಟ್ ಕಟ್ಟೆ ಬರಿದಾಯಿತೆಂದು ಅಲರ್ಟ್ ಕಳಿಸಬಹುದು. ಹಾಗೆಯೇ ಕ್ಯೂಸೆಕ್ ಎಂದರೆ ಹರಿವಿನ ದರ (ಸೆಕೆಂಡಿಗೆ ಎಷ್ಟು ಘನ ಅಡಿ), ಟಿಎಂಸಿ ಎಂದರೆ ಒಟ್ಟು ಪ್ರಮಾಣ (ನೂರು ಕೋಟಿ ಘನ ಅಡಿ). 11,574 ಕ್ಯೂಸೆಕ್ ಪೂರ್ತಿ 24 ಗಂಟೆ ಹರಿದರೆ 1 ಟಿಎಂಸಿ. ಕ್ಯೂಸೆಕ್ ರೀಡಿಂಗ್‌ಗಳನ್ನು ಸುಮ್ಮನೆ ಕೂಡಿದರೆ ಏನೂ ಸಿಗುವುದಿಲ್ಲ, ಆದರೆ ಏಜೆಂಟ್ ಕೂಡುತ್ತದೆ. 'ಇದು ಆ ಕ್ಷಣದ ಹರಿವು, ಕೂಡಬೇಡ' ಎಂದು ಬರೆದೇ ಬಿಡಿ. ಮೆಟ್ರಿಕ್ ಹೆಸರಿನ ಕೊನೆಗೂ ಯೂನಿಟ್ ಸೇರಿಸುವುದು ಒಳ್ಳೆಯದು.

ಸಮಯದ ವಿಷಯ. ನಮ್ಮ ಬೆಳಿಗ್ಗೆ 6 ಗಂಟೆ ಯುಟಿಸಿಯಲ್ಲಿ (ಜಾಗತಿಕ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ) ರಾತ್ರಿ 12:30. ಏಜೆಂಟ್ 6 ಗಂಟೆಯನ್ನು ಯುಟಿಸಿ ಎಂದು ಕಳಿಸಿದರೆ ಸಿಗುವುದು 11:30ರ ಡೇಟಾ, ಅದೂ ನೋಡಲು ಸರಿಯಾಗಿಯೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಸಮಯದ ಕೊನೆಗೆ +05:30 ಕಡ್ಡಾಯ ಮಾಡಿ. ಇಲ್ಲದಿದ್ದರೆ ಟೂಲ್ ತಿರಸ್ಕರಿಸಲಿ. ಯುಆರ್‌ಎಲ್‌ನಲ್ಲಿ ಪ್ಲಸ್ ಚಿಹ್ನೆಯನ್ನು ಸರ್ವರ್ ಖಾಲಿ ಜಾಗವೆಂದು ಓದಿಬಿಡಬಹುದು. ಅದನ್ನು ಎನ್‌ಕೋಡ್ ಮಾಡುವ ಕೆಲಸ ಟೂಲ್‌ನ ಕೋಡ್‌ನಲ್ಲಿರಲಿ, ಏಜೆಂಟ್ ತಲೆಗೆ ಕಟ್ಟಬೇಡಿ.

ಪ್ರೊಮಿಥಿಯಸ್ ಒಂದು ಸರಣಿಗೆ 11,000 ಪಾಯಿಂಟ್ (ರೀಡಿಂಗ್) ಮೀರಿದರೆ ಕ್ವೆರಿಯನ್ನೇ ನಿರಾಕರಿಸುತ್ತದೆ. ಸ್ಟೆಪ್, ಅಂದರೆ ಎರಡು ಪಾಯಿಂಟ್‌ಗಳ ನಡುವಿನ ಅಂತರ, 15 ಸೆಕೆಂಡ್ ಇಟ್ಟು ಒಂದು ವಾರ ಕೇಳಿದರೆ 40,000 ದಾಟುತ್ತದೆ. 60 ಸೆಕೆಂಡ್ ಇಟ್ಟರೆ 10,081, ಪಾಸ್. ಆದರೆ ಅಷ್ಟನ್ನೂ ಏಜೆಂಟ್‌ಗೆ ಸುರಿದರೆ ಅದರ ಕಾಂಟೆಕ್ಸ್ಟ್ (ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳಬಲ್ಲ ಪಠ್ಯ) ತುಂಬಿ, ಮೊದಲು ಕೇಳಿದ ಪ್ರಶ್ನೆಯೇ ಹಿಂದೆ ಬೀಳುತ್ತದೆ. ವಾರಕ್ಕೆ ಒಂದು ಗಂಟೆಯ ಸ್ಟೆಪ್ ಸಾಕು, 169 ಪಾಯಿಂಟ್. ಒಂದು ಎಚ್ಚರಿಕೆ: ಸ್ಟೆಪ್ ಎಂದರೆ ಸರಾಸರಿ ಅಲ್ಲ, ಆಯಾ ಕ್ಷಣದ ರೀಡಿಂಗ್ ಅಷ್ಟೇ. 6:20ಕ್ಕೆ ಎದ್ದು ಇಳಿದ ಏರಿಕೆ ಅದರಲ್ಲಿ ಕಾಣುವುದಿಲ್ಲ. 'ಏರಿಕೆ ಹುಡುಕುವಾಗ ಗಂಟೆಯ ಗರಿಷ್ಠ ಕೇಳು' ಎಂದು ಸೇರಿಸಿ.

ಓದುವ ಟೂಲ್, ಬದಲಾಯಿಸುವ ಟೂಲ್ ಎರಡನ್ನೂ ಒಂದರಲ್ಲೇ ತುರುಕಬೇಡಿ. ಅಲರ್ಟ್ ಸೈಲೆನ್ಸ್ ಮಾಡುವ ಟೂಲ್‌ನಲ್ಲಿ 'ನೋಟಿಫಿಕೇಶನ್ ಮಾತ್ರ ನಿಲ್ಲುತ್ತದೆ, ತೊಂದರೆ ಹಾಗೇ ಇರುತ್ತದೆ. ಗರಿಷ್ಠ 2 ಗಂಟೆ. ಪಂಪ್‌ನ ಹೆಸರು ಕಡ್ಡಾಯ' ಎಂದಿರಲಿ. ಹೆಸರಿಲ್ಲದೆ ಜಿಲ್ಲೆಯ ಲೇಬಲ್ ಮಾತ್ರ ಕೊಟ್ಟರೆ ಮಂಡ್ಯದ ಅಷ್ಟೂ ಪಂಪ್‌ಗಳ ಬಾಯಿ ಮುಚ್ಚುತ್ತದೆ. ವಿವರಣೆ ಬೇಲಿಯಲ್ಲ, ಬೋರ್ಡು. ಇದೇ ಮಿತಿಗಳು ಸರ್ವರ್ ಕೋಡ್‌ನಲ್ಲೂ ಇರಬೇಕು.

ಎರರ್ ಸಂದೇಶವೂ ವಿವರಣೆಯ ಭಾಗವೇ. ಬರೀ '400' (ಕೋರಿಕೆಯಲ್ಲಿ ತಪ್ಪಿದೆ ಎಂಬ ಸರ್ವರ್ ಕೋಡ್) ಬಂದರೆ ಏಜೆಂಟ್ ಅದೇ ಕರೆಯನ್ನು ಮತ್ತೆ ಮತ್ತೆ ಮಾಡುತ್ತದೆ. 'ಪಾಯಿಂಟ್ ಹೆಚ್ಚಾಯಿತು, ಸ್ಟೆಪ್ 60 ಸೆಕೆಂಡ್ ಅಥವಾ ಹೆಚ್ಚು ಮಾಡು' ಎಂದರೆ ಮುಂದಿನ ಸಲವೇ ಸರಿಹೋಗುತ್ತದೆ.

ಬರೆದಾದ ಮೇಲೆ ಜನ ಕೇಳುವ ಮಾತಲ್ಲೇ 20 ಪ್ರಶ್ನೆ ಹಾಕಿ: 'ನಿನ್ನೆ ರಾತ್ರಿ ಎರಡನೇ ಪಂಪ್ ಎಷ್ಟೊತ್ತು ನಿಂತಿತ್ತು?' ಉತ್ತರ ನೋಡುವ ಮೊದಲು ಯಾವ ಟೂಲ್ ಕರೆಯಿತು, ಏನು ಕಳಿಸಿತು ಎಂದು ಲಾಗ್ ನೋಡಿ. ತಪ್ಪಿದ್ದರೆ ಒಂದು ಸಲಕ್ಕೆ ಒಂದೇ ವಾಕ್ಯ ತಿದ್ದಿ, 20ನ್ನೂ ಮತ್ತೆ ಓಡಿಸಿ. ಯಾವ ಟೂಲೂ ಹೊಂದದ ಪ್ರಶ್ನೆಗಳೂ ಒಂದೆರಡು ಇರಲಿ. 'ವಿ.ಸಿ. ನಾಲೆಗೆ ನಾಳೆ ನೀರು ಬಿಡ್ತಾರಾ?' ಎಂದು ಕೇಳಿದಾಗ ಏಜೆಂಟ್ ಇಂದಿನ ಹರಿವು ತೆಗೆದು ಲೆಕ್ಕ ಹಾಕಲು ಕೂತರೆ, ಹರಿವಿನ ಟೂಲ್‌ಗೆ 'ಮುಂದಿನ ದಿನಗಳ ಬಗ್ಗೆ ಇದರಲ್ಲಿ ಮಾಹಿತಿ ಇಲ್ಲ' ಎಂಬ ಸಾಲು ಇನ್ನೂ ಸೇರಬೇಕಿದೆ.